ಗಾಜಿನ ಪೆಟ್ಟಿಗೆಯಲ್ಲಿ ತೋಟ: ಅಕ್ವೇರಿಯಂ ಗಿಡ ಕರಗುವುದು ಯಾಕೆ, ಬದುಕುವುದು ಹೇಗೆ

“ಮಾವ, ಗಿಡ ಎಲ್ಲ ಕರಗಿ ಹೋಯ್ತು.”

ಕಾಸರಗೋಡು ಕಡೆಯ ನೀರ್ಚಾಲಿನಿಂದ ಅಕ್ಕನ ಮಗನ ಫೋನು. ಶಾಲೆಗೆ ರಜೆ ಸಿಕ್ಕಿದ ವಾರವೇ ಹಠ ಹಿಡಿದು ಎರಡಡಿ ಉದ್ದದ ಅಕ್ವೇರಿಯಂ ತರಿಸಿಕೊಂಡಿದ್ದ. ಗಿಡಗಳು ಕೊರಿಯರಿನಲ್ಲಿ ಬಂದವು. ಮೀನುಗಳು ಮಂಗಳೂರಿನಿಂದ ಬಸ್ಸಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಇವನ ಮಡಿಲಲ್ಲೇ ಕುಳಿತು ಬಂದವು. ಮೂರು ವಾರ ಕಳೆಯುವಷ್ಟರಲ್ಲಿ ಎಲೆಗಳು ಬೇಯಿಸಿದ ಬಸಳೆಯ ಹಾಗೆ ಮೆತ್ತಗಾದವು. ಮುಟ್ಟಿದರೆ ಲೋಳೆ. ಗಾಜಿನ ಮೇಲೆ ಪಾಚಿ ಮಾತ್ರ ಸೊಂಪಾಗಿ ಬೆಳೆದಿತ್ತು.

“ಪಾಚಿ ಬೆಳೀತದೆ, ಗಿಡ ಬೆಳೆಯುವುದಿಲ್ಲ. ಅದೇ ನೀರು, ಅದೇ ಬೆಳಕು ಅಲ್ವಾ?”

ಒಳ್ಳೆಯ ಪ್ರಶ್ನೆಯೇ. ಈಚೆಗೆ ಇದೇ ಪ್ರಶ್ನೆಯನ್ನು ಬದಿಯಡ್ಕ, ಪೆರ್ಲ ಕಡೆಯ ಇನ್ನಿಬ್ಬರು ನೆಂಟರೂ ಕೇಳಿದ್ದಾರೆ. ಮೊದಲೆಲ್ಲ ಅಕ್ವೇರಿಯಂ ಅಂದರೆ ಪ್ಲಾಸ್ಟಿಕ್ ಗಿಡ, ಬಣ್ಣದ ಕಲ್ಲು, ಗುಳ್ಳೆ ಬಿಡುವ ಗೊಂಬೆ. ಈಗ ಮೊಬೈಲಿನಲ್ಲಿ ಒತ್ತಿದರೆ ಜೀವಂತ ಗಿಡ ಮನೆ ಬಾಗಿಲಿಗೆ ಬರುತ್ತದೆ. ಅದನ್ನು ಬದುಕಿಸುವುದು ಹೇಗೆ ಎಂದು ಹೇಳುವ ಚೀಟಿ ಮಾತ್ರ ಜೊತೆಗೆ ಬರುವುದಿಲ್ಲ. ಅಡಿಕೆ, ಬಾಳೆ, ಕಾಳುಮೆಣಸು ಬೆಳೆಸಿ ಗೊತ್ತಿರುವ ನಮಗೆ ಇದು ತೀರಾ ಹೊಸ ವಿದ್ಯೆಯೇನೂ ಅಲ್ಲ. ತೋಟದ ಲೆಕ್ಕವೇ. ಆದರೆ ನೀರೊಳಗೆ ಹೋದಾಗ ಆ ಲೆಕ್ಕ ಒಂದು ಕಡೆ ತಿರುಗುತ್ತದೆ.

ಅಕ್ಕಿ ಇದೆ, ತರಕಾರಿ ಇದೆ, ಕಾಯಿ ಒಂದೇ

ನೀರೊಳಗಿನ ಗಿಡಕ್ಕೂ ಅಂಗಳದ ಗಿಡಕ್ಕೂ ಬೇಕಾದದ್ದು ಒಂದೇ. ಬೆಳಕು, ಇಂಗಾಲದ ಡೈ ಆಕ್ಸೈಡ್, ನೀರು, ಒಂದಿಷ್ಟು ಗೊಬ್ಬರ. ಬೆಳಕಿನ ಬಲದಿಂದ ಇಂಗಾಲದ ಡೈ ಆಕ್ಸೈಡನ್ನೂ ನೀರನ್ನೂ ಕೂಡಿಸಿ ಗಿಡ ತನಗೆ ಬೇಕಾದ ಸಕ್ಕರೆ ಮಾಡಿಕೊಳ್ಳುತ್ತದೆ. ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಶಾಲೆಯಲ್ಲಿ ಹೈಡ್ರಿಲ್ಲಾ ಗಿಡವನ್ನು ನೀರಲ್ಲಿಟ್ಟು, ಗಾಜಿನ ಆಲಿಕೆ ಮುಚ್ಚಿ, ಬಿಸಿಲಿಗಿಟ್ಟ ಪ್ರಯೋಗ ನೆನಪಿದೆಯಾ? ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆ ಹೋಗುತ್ತಿದ್ದವು. ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ 1779ರಲ್ಲಿ ನೋಡಿ ಬರೆದಿಟ್ಟದ್ದು ಅದನ್ನೇ: ಮುಳುಗಿಸಿದ ಎಲೆ ಬಿಸಿಲಲ್ಲಿ ಗುಳ್ಳೆ ಬಿಡುತ್ತದೆ, ಕತ್ತಲಲ್ಲಿ ಬಿಡುವುದಿಲ್ಲ.

ಲೆಕ್ಕ ತಿರುಗುವುದು ಇಂಗಾಲದ ಡೈ ಆಕ್ಸೈಡಿನಲ್ಲಿ. ಗಾಳಿಯಲ್ಲಿ ಅದು ಕ್ಷಣದಲ್ಲಿ ಎಲೆಯನ್ನು ಮುಟ್ಟುತ್ತದೆ. ನೀರಿನಲ್ಲಿ ಅದು ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ನಿಂತ ನೀರಿನಲ್ಲಿ ಎಲೆಯ ಸುತ್ತ ಇದ್ದದ್ದು ಖಾಲಿಯಾದರೆ ಮತ್ತೆ ಬರುವುದು ತಡ. ಗಾಳಿಗೆ ತೆರೆದಿಟ್ಟ ಬರೀ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು ಇದ್ದರೆ ಅದೇ ಜಾಸ್ತಿ. ಮೀನಿನ ಉಸಿರು, ತಳದಲ್ಲಿ ಕೊಳೆಯುವ ಕಸ ಎಲ್ಲ ಸೇರಿದರೆ ಎರಡೋ ಮೂರೋ ಮಿಲಿಗ್ರಾಂ ಆದೀತು. ವಿಡಿಯೊದಲ್ಲಿ ಕಾಣುವ ದಟ್ಟ ಕೆಂಪು-ಹಸಿರು ಕಾಡಿನ ಟ್ಯಾಂಕುಗಳಿಗೆ ಸಿಲಿಂಡರಿನಿಂದ ಗ್ಯಾಸ್ ಬಿಟ್ಟು 20ರಿಂದ 30 ಮಿಲಿಗ್ರಾಂ ಮಾಡಿರುತ್ತಾರೆ. ಕ್ಯಾಮೆರಾ ಸಿಲಿಂಡರನ್ನು ತೋರಿಸುವುದಿಲ್ಲ, ಅಷ್ಟೇ.

ಹೀಗೆ ಅಂದುಕೊಳ್ಳಿ. ಮನೆಗೆ ಹೇಳದೆ ಕೇಳದೆ ಹದಿನೈದು ಜನ ನೆಂಟರು ಬಂದರು. ಅಕ್ಕಿ ಇದೆ, ತರಕಾರಿ ಇದೆ, ತೆಂಗಿನಕಾಯಿ ಮಾತ್ರ ಒಂದೇ. ನಮ್ಮ ಊರಿನ ಅಡುಗೆ ಎಷ್ಟು ಜನಕ್ಕಾಗುತ್ತದೆ ಎಂದು ನಿರ್ಧರಿಸುವುದು ಆಗ ಆ ಒಂದು ಕಾಯಿ. ಒಲೆಯನ್ನು ಜೋರು ಮಾಡಿದರೆ ಕಾಯಿ ಎರಡಾಗುವುದಿಲ್ಲ, ಪಾತ್ರೆ ತಳ ಹಿಡಿಯುತ್ತದೆ. ಅಕ್ವೇರಿಯಂನಲ್ಲಿ ಬೆಳಕು ಎಂದರೆ ಒಲೆ. ಇಂಗಾಲ ಎಂದರೆ ಆ ಒಂಟಿ ಕಾಯಿ. ತಳ ಹಿಡಿದ ವಾಸನೆಯೇ ಪಾಚಿ.

ಪಾಚಿ ಮಾತ್ರ ಯಾಕೆ ಗೆಲ್ಲುತ್ತದೆ? ಅದಕ್ಕೆ ಬೇರು, ಕಾಂಡ, ದಪ್ಪ ಎಲೆ ಯಾವುದನ್ನೂ ಸಾಕುವ ಖರ್ಚಿಲ್ಲ. ಮೈಯೆಲ್ಲ ತೆಳು, ಸುತ್ತಲೂ ನೀರು, ಸಿಕ್ಕಿದ ಚೂರನ್ನು ಹೀರಿಕೊಂಡರೆ ಆಯಿತು. ಗಿಡ ಹಸಿದು ನಿಂತಾಗ ಅದು ಬಿಟ್ಟ ಬೆಳಕು, ಬಿಟ್ಟ ಗೊಬ್ಬರ ಎಲ್ಲ ಪಾಚಿಯ ಪಾಲು. ಅಳಿಯನ ಪ್ರಶ್ನೆಗೆ ಅರ್ಧ ಉತ್ತರ ಇದು.

ಕರಗಿದ ಎಲೆ ನೀರಿನ ಎಲೆಯೇ ಅಲ್ಲ

ಇನ್ನರ್ಧ ಉತ್ತರ ಗಿಡ ಬೆಳೆದ ಜಾಗದಲ್ಲಿದೆ. ಮಾರಾಟದ ಅಕ್ವೇರಿಯಂ ಗಿಡಗಳಲ್ಲಿ ಬಹಳಷ್ಟನ್ನು ನೀರಿನ ಮೇಲೆ ಬೆಳೆಸುತ್ತಾರೆ. ಬೇರು ಒದ್ದೆ, ಎಲೆ ತೇವದ ಗಾಳಿಯಲ್ಲಿ. ಹಾಗೆ ಬೆಳೆಸಿದರೆ ಇಂಗಾಲ ಧಾರಾಳ, ಬೆಳವಣಿಗೆ ಬೇಗ, ಪಾಚಿಯ ಕಾಟವೂ ಇಲ್ಲ. ಆ ಎಲೆಗಳಿಗೆ ಒಣಗದ ಹಾಗೆ ಮೇಣದ ಲೇಪ ಇರುತ್ತದೆ. ಉಸಿರಾಡಲು ಪತ್ರರಂಧ್ರಗಳಿರುತ್ತವೆ. ಅದನ್ನು ತಂದು ಏಕಾಏಕಿ ಮುಳುಗಿಸಿದರೆ ಮೇಣದ ಲೇಪವೇ ಅಡ್ಡಿ, ರಂಧ್ರಗಳು ಉಪಯೋಗಕ್ಕಿಲ್ಲ. ಮಳೆಗಾಲಕ್ಕೆ ಹಾಕಿಕೊಂಡ ಕೋಟಿನಲ್ಲೇ ಈಜಲು ಇಳಿದ ಹಾಗೆ.

ಗಿಡ ಆಗ ಹಳೆಯ ಎಲೆಯಲ್ಲಿದ್ದ ಸತ್ವವನ್ನು ವಾಪಸು ಎಳೆದುಕೊಂಡು ತೆಳುವಾದ ಹೊಸ ಎಲೆ ಮಾಡಲು ಹೊರಡುತ್ತದೆ. ಹಳೆಯದು ಕರಗುತ್ತದೆ. ಕ್ರಿಪ್ಟೊಕೊರಿನ್ ಎಂಬ ಗಿಡವಂತೂ ಇದಕ್ಕೆ ಹೆಸರುವಾಸಿ. ಜಾಗ ಬದಲಾದರೆ, ನೀರು ಬದಲಾದರೆ ಒಂದೇ ವಾರದಲ್ಲಿ ಎಲೆಯೆಲ್ಲ ಉದುರಿಸಿ ಕುಳಿತುಬಿಡುತ್ತದೆ. ಸತ್ತಿತು ಎಂದು ಕಿತ್ತು ಬಿಸಾಡುವವರೇ ಜಾಸ್ತಿ. ಬೇರು ಬೆಳ್ಳಗೆ, ಗಟ್ಟಿಯಾಗಿದ್ದರೆ ಅದು ಸತ್ತಿಲ್ಲ. ಕೊಳೆತ ಎಲೆಯನ್ನು ಮಾತ್ರ ಕತ್ತರಿಸಿ, ಬುಡವನ್ನು ಮುಟ್ಟದೆ ಬಿಡಬೇಕು. ಮೂರು-ನಾಲ್ಕು ವಾರದಲ್ಲಿ ಮರಳಿನಿಂದ ಸೂಜಿಯಂಥ ಮೊಳಕೆ ಏಳುತ್ತದೆ.

ಒಂದೇ ಗಿಡಕ್ಕೆ ಎರಡು ಬಗೆಯ ಎಲೆ ಎನ್ನುವುದನ್ನು ಪುಸ್ತಕದಲ್ಲೇ ಓದಬೇಕೆಂದಿಲ್ಲ. ಮಳೆಗಾಲದಲ್ಲಿ ನೀರು ನಿಂತ ಗದ್ದೆಗೆ ಬಗ್ಗಿ ನೋಡಿ. ಲಿಮ್ನೋಫಿಲಾ ಜಾತಿಯ ಕಳೆಗಿಡ ಕಾಣಬಹುದು. ನೀರೊಳಗಿನ ಎಲೆ ಸಬ್ಬಸಿಗೆ ಸೊಪ್ಪಿನ ಹಾಗೆ ಎಳೆ ಎಳೆ. ಅದೇ ಕಾಂಡ ನೀರಿನಿಂದ ಎರಡು ಬೆರಳು ಮೇಲೆ ಬಂದ ಕಡೆ ಎಲೆ ಇಡಿಯಾಗಿ, ಅಂಚಿಗೆ ಸಣ್ಣ ಹಲ್ಲು. ಒಂದೇ ಕಾಂಡವನ್ನು ಕಿತ್ತು ತೋರಿಸಿದರೂ ನಂಬದವರಿದ್ದಾರೆ.

ಬೆಳಕು: ಎಷ್ಟು, ಎಷ್ಟು ಹೊತ್ತು

ಅಳಿಯ ದಿನಕ್ಕೆ ಹನ್ನೆರಡು ಗಂಟೆ ದೀಪ ಉರಿಸುತ್ತಿದ್ದ. ಹಗಲು ಹನ್ನೆರಡು ಗಂಟೆ ಇರುತ್ತದೆ, ಅದಕ್ಕೆ ಸರಿಯಾಗಿ ಎಂಬ ಲೆಕ್ಕ. ಹೊಸ ಟ್ಯಾಂಕಿಗೆ ಆರು ಗಂಟೆ ಸಾಕು. ಗಿಡ ಹಿಡಿದ ಮೇಲೆ ಏಳೋ ಎಂಟೋ. ಗಿಡ ಕೊರಗುತ್ತಿದೆ ಎಂದು ಇನ್ನೂ ಎರಡು ಗಂಟೆ ಸೇರಿಸುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ಪ್ರತಿ ಸಲವೂ ಲಾಭ ಪಾಚಿಗೆ.

ಅಳತೆ ಹೀಗೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಸುಮಾರು 56 ಲೀಟರ್. ಮಣ್ಣು, ಮರಳು ಕಳೆದರೆ 45. ಬೆಳಕಿನ ಪ್ರಮಾಣವನ್ನು ಲ್ಯೂಮೆನ್ ಎಂಬ ಅಳತೆಯಲ್ಲಿ ದೀಪದ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಗ್ಯಾಸ್ ಬಿಡದ ಟ್ಯಾಂಕಿಗೆ ಲೀಟರಿಗೆ 15ರಿಂದ 20 ಲ್ಯೂಮೆನ್ ಹದ. ಅಂದರೆ 10 ವ್ಯಾಟಿನ ಒಂದು ಎಲ್‌ಇಡಿ ಬೆಳಕು. ಬಿಳಿ ಬೆಳಕು, 6500 ಕೆಲ್ವಿನ್ ಎಂದು ಬರೆದದ್ದಾದರೆ ಒಳ್ಳೆಯದು. ನೇರಳೆ ಬಣ್ಣದ ವಿಶೇಷ ದೀಪ ಬೇಕೇ ಬೇಕು ಎಂದೇನಿಲ್ಲ. ಅದಕ್ಕಿಂತ ಒಂದು ಟೈಮರ್ ಸ್ವಿಚ್ ಹೆಚ್ಚು ಕೆಲಸ ಮಾಡುತ್ತದೆ. ದಿನವೂ ಒಂದೇ ಹೊತ್ತಿಗೆ ಬೆಳಕು ಬಂದು ಒಂದೇ ಹೊತ್ತಿಗೆ ಹೋಗುವುದು ಗಿಡಕ್ಕೆ ಹಿತ.

ಕಿಟಕಿಯ ಹತ್ತಿರ ಇಡಬೇಡಿ, ಅದರಲ್ಲೂ ಪಡುವಣ ಕಿಟಕಿ. ಅಡಿಕೆ ಸಸಿಗೆ ಪಡುವಣ ಬಿಸಿಲು ಹೊಡೆಯದ ಹಾಗೆ ಮರೆ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆರಳಿನ ಲೆಕ್ಕವೂ ಹಾಗೇ. ಅಡಿಕೆಯ ಕೆಳಗೆ ಕೊಕ್ಕೊ, ವೀಳ್ಯ ಚೆನ್ನಾಗಿ ಬರುತ್ತವೆ, ತೆಂಗು ಬರುವುದಿಲ್ಲ. ಟ್ಯಾಂಕಿನಲ್ಲೂ ನೆರಳಿನ ಜಾತಿ, ಬಿಸಿಲಿನ ಜಾತಿ ಎಂದು ಇವೆ. ಅನುಬಿಯಾಸ್ ಎಂಬ ಆಫ್ರಿಕಾದ ಗಿಡವನ್ನು ದೀಪದ ಕೆಳಗೇ ಇಟ್ಟರೆ ಎಲೆಯ ಮೇಲೆ ಪಾಚಿ ಕೂರುತ್ತದೆ, ದೊಡ್ಡ ಗಿಡದ ಮರೆಯಲ್ಲಿಟ್ಟರೆ ಹೊಳೆಯುತ್ತದೆ.

ಸುರಂಗದ ನೀರು, ಬಾವಿ ನೀರು

ಬಾಯಾರು, ಎಣ್ಮಕಜೆ, ಪೈವಳಿಕೆ ಕಡೆಯಲ್ಲಿ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತೆಗೆಯುವುದು ಹಿಂದಿನಿಂದ ಬಂದದ್ದು. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಒಳಗಿಂದ ಸೋಸಿ ಬರುವ ಈ ನೀರು ಸಾಮಾನ್ಯವಾಗಿ ಮೆದು. ಮೆದು ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ. ಸಾಬೂನು ಬೇಗ ನೊರೆ ಬರುತ್ತದೆ, ಹಂಡೆಯ ಒಳಗೆ ಬಿಳಿ ಹೊಪ್ಪಳೆ ಕಟ್ಟುವುದಿಲ್ಲ. ಜೊತೆಗೆ ಸ್ವಲ್ಪ ಹುಳಿ, ಅಂದರೆ ಪಿಎಚ್ 7ಕ್ಕಿಂತ ಕಡಿಮೆ. ಪಿಎಚ್ ಎಂದರೆ ಹುಳಿಯನ್ನು ಅಳೆಯುವ ಮಾನ. 7 ಮಧ್ಯ, ಕೆಳಗೆ ಹೋದಷ್ಟೂ ಹುಳಿ. ಕ್ರಿಪ್ಟೊಕೊರಿನ್‌ನಂಥ ಬಹುಪಾಲು ಅಕ್ವೇರಿಯಂ ಗಿಡಗಳಿಗೆ ಇಂಥ ನೀರೇ ಇಷ್ಟ. ಬಯಲುಸೀಮೆಯ ಗಡಸು ನೀರಿನವರು ದುಡ್ಡು ಕೊಟ್ಟು ಮಾಡಿಕೊಳ್ಳುವುದು ನಮಗೆ ಕೊಡದಲ್ಲಿ ಬರುತ್ತದೆ.

ಒಂದು ಸಣ್ಣ ಪ್ರಯೋಗ. ಬಾವಿಯಿಂದ ಆಗಷ್ಟೇ ಸೇದಿದ ನೀರಿನ ಪಿಎಚ್ ನೋಡಿ. ಅದೇ ನೀರನ್ನು ಬಾಲ್ದಿಯಲ್ಲಿ ಒಂದು ದಿನ ಬಿಟ್ಟು ಮತ್ತೆ ನೋಡಿ. ನಮ್ಮ ಮನೆಯ ಬಾವಿಯಲ್ಲಿ ಮೊದಲ ಸಲ 6ರ ಹತ್ತಿರ, ಮಾರನೆಯ ದಿನ 7ರ ಹತ್ತಿರ ಬಂತು. ನೆಲದೊಳಗಿನ ನೀರಿನಲ್ಲಿ ಕರಗಿದ್ದ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಹಾರಿಹೋಗಿ ಹುಳಿ ಇಳಿಯಿತು. ಸೋಡಾ ಬಾಟ್ಲಿ ತೆರೆದಿಟ್ಟರೆ ಸಪ್ಪೆಯಾಗುವುದೂ ಇದೇ ಕಾರಣಕ್ಕೆ.

ಮೆದು ನೀರಿನ ಕಷ್ಟವೂ ಇದೆ. ಕ್ಯಾಲ್ಸಿಯಂ ತೀರಾ ಕಡಿಮೆಯಾದರೆ ಹೊಸ ಚಿಗುರು ಮುರುಟುತ್ತದೆ, ಬಸವನಹುಳದ ಚಿಪ್ಪಿನಲ್ಲಿ ಬಿಳಿ ಹೊಂಡ ಬೀಳುತ್ತದೆ. ಕಡಲ ದಡದ ಚಿಪ್ಪು ನಾಲ್ಕೈದು ತೊಳೆದು, ಒಣಗಿಸಿ, ಫಿಲ್ಟರಿನೊಳಗೆ ಹಾಕಿದರೆ ಅದು ನಿಧಾನಕ್ಕೆ ಕರಗಿ ಕೊರತೆ ತುಂಬುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರದ ದಡದಲ್ಲಿ ಕೆಲವು ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಆ ನೀರನ್ನು ಹೆಚ್ಚಿನ ಗಿಡ ತಾಳುವುದಿಲ್ಲ. ವ್ಯಾಲಿಸ್ನೇರಿಯಾ, ಜಾವಾ ಫರ್ನ್ ಎಂಬ ಗಿಡಗಳು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತವೆ. ಇನ್ನು ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ನಮ್ಮಲ್ಲಿ ಮಾಮೂಲು. ಹಾಕಿದ ಮೇಲೆ ಕೆಲವು ದಿನ ಆ ನೀರನ್ನು ಟ್ಯಾಂಕಿಗೆ ಹಾಕಬಾರದು. ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಬೇಕೇ ಬೇಕಾದರೆ ಬಾಯಿ ಅಗಲದ ಪಾತ್ರೆಯಲ್ಲಿ ಎರಡು ದಿನ ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆ.

ಕೆಂಪು ಮಣ್ಣಿಗೆ ಬಂದ ಬೆಲೆ

ನಮ್ಮ ಗುಡ್ಡದ ಮುರಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಈತ ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರಂನಲ್ಲಿ ಜನ ನೆಲದಿಂದಲೇ ಇಟ್ಟಿಗೆ ಕಡಿಯುವುದನ್ನು ನೋಡಿದ. ಲ್ಯಾಟಿನ್‌ನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಇದೇ ಮಣ್ಣನ್ನು 1980ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ಪಂಡಿತರು ಗಿಡದ ಬುಡಕ್ಕೆ ಹಾಕುವ ಪದ್ಧತಿಯನ್ನು ಹಬ್ಬಿಸಿದರು. ಪೊಟ್ಟಣ ಕಟ್ಟಿ ಮಾರಿದರು. ನಾವು ಗೋಡೆ ಕಟ್ಟುವ ವಸ್ತು ಅದು!

ಅದರಲ್ಲೇನಿದೆ? ಮುಖ್ಯವಾಗಿ ಕಬ್ಬಿಣ. ಎಲೆಯ ಹಸಿರನ್ನು ತಯಾರಿಸಲು ಗಿಡಕ್ಕೆ ಕಬ್ಬಿಣ ಬೇಕು. ಆದರೆ ತುಕ್ಕಿನ ರೂಪದ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ, ಬೇರಿಗೆ ಸಿಗುವುದೂ ಇಲ್ಲ. ಗಾಳಿಯಾಡದ ಕೆಸರಿನೊಳಗೆ ಅದು ಕರಗುವ ರೂಪಕ್ಕೆ ತಿರುಗುತ್ತದೆ. ಗದ್ದೆಯ ಬದುವಿನ ಒರತೆಯಲ್ಲಿ ಕಿತ್ತಳೆ ಬಣ್ಣದ ಕೆಸರು, ಮೇಲೆ ಎಣ್ಣೆ ಚೆಲ್ಲಿದಂತೆ ಬಣ್ಣ ಬಣ್ಣದ ಪೊರೆ ನೋಡಿದ್ದೀರಾ? ಕಡ್ಡಿಯಿಂದ ಚುಚ್ಚಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಇದು ಗಾಜಿನ ಹಾಗೆ ಚೂರಾಗಿ ತೇಲುತ್ತದೆ. ಕೆಸರಿನೊಳಗೆ ಕರಗಿದ ಕಬ್ಬಿಣ ಗಾಳಿಗೆ ಬಂದು ಮತ್ತೆ ತುಕ್ಕಾದ ಗುರುತು ಅದು. ಟ್ಯಾಂಕಿನ ತಳದಲ್ಲಿ ನಡೆಯುವುದೂ ಇದೇ, ಸಣ್ಣ ಪ್ರಮಾಣದಲ್ಲಿ.

ಹಾಗೆಂದು ಬರೀ ಕೆಂಪು ಮಣ್ಣು ಸಾಲದು. ಅದು ಬಡ ಮಣ್ಣು, ಸಾರಜನಕ, ಪೊಟ್ಯಾಷ್ ಎರಡೂ ಕಡಿಮೆ. ಗದ್ದೆಯ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಒಂದು ಹಿಡಿ ಮುರಮಣ್ಣು ಬೆರೆಸಿ ಒಂದಿಂಚು ಹರಡಿ. ಅದರ ಮೇಲೆ ತೊಳೆದ ಹೊಳೆ ಮರಳು ಒಂದೂವರೆ ಇಂಚು. ಮಣ್ಣು ದಪ್ಪವಾದರೆ ಒಳಗೆ ಕೊಳೆತು ಮೊಟ್ಟೆ ಕೊಳೆತ ವಾಸನೆ ಬರುತ್ತದೆ. ನೀರು ಹೊಯ್ಯುವಾಗ ಮರಳಿನ ಮೇಲೆ ಬಟ್ಟಲನ್ನಿಟ್ಟು ಅದರೊಳಗೆ ನಿಧಾನಕ್ಕೆ ಹೊಯ್ಯಬೇಕು. ಮೊದಲ ಸಲ ನಾನು ಬಾಲ್ದಿಯಿಂದ ಒಮ್ಮೆಲೇ ಸುರಿದೆ. ಹತ್ತು ದಿನ ಟ್ಯಾಂಕು ಹಾಲು ಹಾಕಿದ ಚಹಾದ ಹಾಗಿತ್ತು.

ಮರಳನ್ನೂ ಪರೀಕ್ಷಿಸಬೇಕು. ಒಂದು ಚಮಚ ಮರಳಿಗೆ ವಿನೆಗರ್ ಹನಿಸಿ. ಗುಳ್ಳೆ ಬಂದರೆ ಅದರಲ್ಲಿ ಚಿಪ್ಪಿನ ಪುಡಿ ಇದೆ, ನೀರನ್ನು ಗಡಸು ಮಾಡುತ್ತಲೇ ಇರುತ್ತದೆ. ಕಡಲ ಮರಳು ಬೇಡವೇ ಬೇಡ.

ಅಡಿಕೆ ತೋಟದ ಮಣ್ಣು ಯಾಕೆ ಬೇಡ, ಗದ್ದೆಯದ್ದೇ ಯಾಕೆ ಅಂದರೆ ಮೈಲುತುತ್ತು ಎಂಬ ತಾಮ್ರದ ಲವಣ. ಕೊಳೆರೋಗಕ್ಕೆ ವರ್ಷವೂ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣ, ಹೊಡೆದ ತೋಟದಲ್ಲಿ ಮೇಲ್ಮಣ್ಣಿನಲ್ಲಿ ತಾಮ್ರ ಸೇರಿಕೊಂಡಿರುತ್ತದೆ. ಬಸವನಹುಳ, ಸಿಗಡಿಗೆ ತಾಮ್ರ ವಿಷ, ಸ್ವಲ್ಪವೇ ಸಾಕು. ಮಳೆಗಾಲದಲ್ಲಿ ಮದ್ದು ಹೊಡೆದ ತೋಟದ ಕೆರೆಯ ನೀರೂ ಬೇಡ. ಮದ್ದು ಕಲಸಿದ ಬಾಲ್ದಿಯನ್ನು ಎಷ್ಟು ತೊಳೆದರೂ ಟ್ಯಾಂಕಿನ ಕೆಲಸಕ್ಕೆ ತರಬೇಡಿ. ಒಂದು ಬಾಲ್ದಿಯನ್ನು ಬೇರೆಯೇ ಇಟ್ಟುಕೊಳ್ಳುವುದು ಕ್ಷೇಮ.

ಎಲೆ ನೋಡಿ ಹಸಿವು ತಿಳಿಯುವುದು

ಮೀನಿನ ಹೇಲು, ತಿಂದು ಬಿಟ್ಟ ಆಹಾರದಿಂದ ಸಾರಜನಕ, ರಂಜಕ ಸಿಗುತ್ತವೆ. ಸಾಮಾನ್ಯವಾಗಿ ಕಮ್ಮಿ ಬೀಳುವುದು ಪೊಟ್ಯಾಷಿಯಂ ಮತ್ತು ಕಬ್ಬಿಣ. ಯಾವುದು ಕಮ್ಮಿ ಎಂದು ಎಲೆಯೇ ಹೇಳುತ್ತದೆ. ಕೆಲವು ಸತ್ವಗಳನ್ನು ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಸಾಗಿಸಬಲ್ಲದು. ಸಾರಜನಕ, ಪೊಟ್ಯಾಷಿಯಂ ಇಂಥವು. ಅವು ಕಮ್ಮಿಯಾದರೆ ಮೊದಲು ಸೊರಗುವುದು ಕೆಳಗಿನ ಹಳೆಯ ಎಲೆ. ಇಡೀ ಎಲೆ ಹಳದಿಯಾದರೆ ಸಾರಜನಕ, ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಷಿಯಂ. ಕಬ್ಬಿಣ ಒಮ್ಮೆ ಎಲೆಯಲ್ಲಿ ಕುಳಿತರೆ ಏಳುವುದಿಲ್ಲ. ಅದು ಕಮ್ಮಿಯಾದರೆ ಹೊಸ ಚಿಗುರು ಬೆಳ್ಳಗಾಗಿ, ನರ ಮಾತ್ರ ಹಸಿರು ಉಳಿಯುತ್ತದೆ. ಕಾಳುಮೆಣಸಿನ ಬಳ್ಳಿಯಲ್ಲಿ ನೋಡಿದವರಿಗೆ ಇದು ಗುರುತು ಸಿಗುತ್ತದೆ.

ಅಕ್ವೇರಿಯಂಗೆಂದೇ ಸಿಗುವ ದ್ರವ ಗೊಬ್ಬರವನ್ನು ಬಾಟ್ಲಿಯಲ್ಲಿ ಹೇಳಿದ ಅರ್ಧದಷ್ಟು ಹಾಕಿ ಶುರು ಮಾಡಿ. ತೋಟದ ಯೂರಿಯಾ, ಹಟ್ಟಿಗೊಬ್ಬರ ಚಿಟಿಕೆಯೂ ಬೇಡ. ಅಮೋನಿಯ ಎದ್ದು ಬೆಳಗಾಗುವುದರೊಳಗೆ ಮೀನು ಮೇಲೆ ತೇಲುತ್ತದೆ.

‘ದ್ರವ ಇಂಗಾಲ’ ಎಂದು ಒಂದು ಬಾಟ್ಲಿ ಮಾರುತ್ತಾರೆ. ಹೆಸರು ಏನೇ ಇರಲಿ, ಒಳಗಿರುವುದು ಹೆಚ್ಚಾಗಿ ಗ್ಲುಟರಾಲ್ಡಿಹೈಡ್. ಆಸ್ಪತ್ರೆಗಳಲ್ಲಿ ಉಪಕರಣ ಶುದ್ಧ ಮಾಡುವ ದ್ರಾವಣ. ಪಾಚಿ ಸಾಯುವುದು ನಿಜ, ವ್ಯಾಲಿಸ್ನೇರಿಯಾವೂ ಕರಗುತ್ತದೆ. ಮಕ್ಕಳ ಕೈಗೆ ಕೊಡುವ ವಸ್ತುವಲ್ಲ. ಸಕ್ಕರೆ ನೀರಿಗೆ ಯೀಸ್ಟ್ ಹಾಕಿ, ಹುಳಿಯುವಾಗ ಬರುವ ಗ್ಯಾಸನ್ನು ನಳಿಗೆಯಲ್ಲಿ ಟ್ಯಾಂಕಿಗೆ ಬಿಡುವವರೂ ಇದ್ದಾರೆ. ಕೆಲಸ ಮಾಡುತ್ತದೆ. ಆದರೆ ಸೆಕೆ ಜಾಸ್ತಿಯಾದ ದಿನ ಗ್ಯಾಸ್ ಜಾಸ್ತಿ, ತಂಪಾದ ದಿನ ಕಡಿಮೆ, ರಾತ್ರಿ ನಿಲ್ಲಿಸುವ ಹಾಗಿಲ್ಲ. ಕೋಣೆಯಲ್ಲಿ ಶೇಂದಿ ಅಂಗಡಿಯ ವಾಸನೆ ಬೇರೆ.

ಮೀನು ಆಮೇಲೆ

ಅಳಿಯ ಗಿಡ, ಮೀನು ಎರಡನ್ನೂ ಒಂದೇ ವಾರ ಬಿಟ್ಟ. ಮೀನಿನಿಂದ ಬರುವ ಅಮೋನಿಯ ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತವೆ, ಇದು ಸೌಮ್ಯ. ಈ ಕಾಣದ ಕೆಲಸಗಾರರು ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಗಿಡಗಳು ಅಮೋನಿಯವನ್ನು ನೇರವಾಗಿ ತಿನ್ನುವುದರಿಂದ ಈ ಹೊತ್ತಿನಲ್ಲಿ ಕೈ ಜೋಡಿಸುತ್ತವೆ. ಬೇಗ ಬೆಳೆಯುವ ಗಿಡ ಜಾಸ್ತಿ ಇದ್ದಷ್ಟೂ ಒಳ್ಳೆಯದು.

1850ರ ಸುಮಾರಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಒಂದು ಪಾತ್ರೆಯಲ್ಲಿ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಇಟ್ಟು ನೋಡಿದ. ಕೊಳೆತ ಎಲೆಯಿಂದ ನೀರು ಕೆಟ್ಟು ಲೋಳೆಯಾಯಿತು. ಆಗ ಬಸವನಹುಳ ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು, ಮೂರೂ ಒಟ್ಟಿಗೆ ಬಾಳಿದವು. ಅಂದರೆ ಗಿಡ ಕರಗುವ ತಾಪತ್ರಯಕ್ಕೆ ನೂರೆಪ್ಪತ್ತು ವರ್ಷ ದಾಟಿದೆ. ಗಿಡದ ಜೊತೆ ಬಸವನಹುಳದ ಮರಿ ಬಂದರೆ ಗಾಬರಿಯಾಗಬೇಡಿ.

ಮೊದಲ ತಿಂಗಳು ವಾರಕ್ಕೆ ಎರಡು ಸಲ ಮೂರನೇ ಒಂದು ಭಾಗ ನೀರು ಬದಲಿಸಿ, ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ಸಾಕು. ತಿಂಗಳು ಕಳೆದ ಮೇಲೆ ಮೂರ್ನಾಲ್ಕು ಗಪ್ಪಿ ಬಿಟ್ಟು ನೋಡಿ. ಗೋಲ್ಡ್‌ಫಿಶ್ ಗಿಡ ತಿನ್ನುತ್ತದೆ, ಬೇಡ. ಚಂದ್ರಗಿರಿ ಹೊಳೆಯೂ ಸೇರಿದಂತೆ ಕೇರಳದ ಕೆಲವು ಹೊಳೆಗಳ ‘ಮಿಸ್ ಕೇರಳ’ ನೋಡಲು ಚಂದ. ಆದರೆ ಅದು ಆರಿಂಚಿನ ತನಕ ಬೆಳೆಯುವ, ಗುಂಪಿನಲ್ಲಿ ಓಡುವ ಮೀನು. ಅದರ ಕುಲವೇ ಅಪಾಯದಲ್ಲಿದೆ ಬೇರೆ. ಎರಡಡಿಯ ಟ್ಯಾಂಕಿಗೆ ಅದನ್ನು ಯೋಚಿಸಲೇಬೇಡಿ.

ಗಿಡ ಇದ್ದರೆ ಗಾಳಿಯ ಪಂಪು ಬೇಡ ಎನ್ನುವ ಮಾತು ಅರ್ಧ ಸತ್ಯ. ಬೆಳಕಿದ್ದಾಗ ಮಾತ್ರ ಗಿಡ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಮೀನಿನ ಹಾಗೆ ಉಸಿರಾಡುತ್ತದೆ, ಕೊಡುವುದಿಲ್ಲ, ತೆಗೆದುಕೊಳ್ಳುತ್ತದೆ. ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದು ಬೆಳಗಿನ ಜಾವ. ಏಪ್ರಿಲ್, ಮೇ ತಿಂಗಳಲ್ಲಿ ನೀರು 30 ಡಿಗ್ರಿ ದಾಟಿದಾಗ ಅದು ಇನ್ನೂ ಕಡಿಮೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ರಾತ್ರಿ ಹೊತ್ತು ಪಂಪು ಹಾಕಿ. ಹಗಲು ಜೋರಾಗಿ ಗುಳ್ಳೆ ಬಿಟ್ಟರೆ ಇದ್ದ ಚೂರು ಇಂಗಾಲವೂ ಹಾರಿಹೋಗುತ್ತದೆ.

ಮೊದಲ ಸಲಕ್ಕೆ ಯಾವ ಗಿಡ

ಹೈಡ್ರಿಲ್ಲಾ, ಹಾರ್ನ್‌ವರ್ಟ್ ತೇಲಿಬಿಟ್ಟರೂ ಬೆಳೆಯುತ್ತವೆ. ಕಾಂಡ, ಎಲೆಯಿಂದಲೇ ಊಟ. ಹೊಸ ಟ್ಯಾಂಕಿನ ಅಮೋನಿಯ ತಿನ್ನಲು ಇವೇ ಸರಿ. ಕ್ರಿಪ್ಟೊಕೊರಿನ್, ವ್ಯಾಲಿಸ್ನೇರಿಯಾ ಬೇರಿನಿಂದ ತಿನ್ನುವವು, ತಳದಲ್ಲಿ ಮಣ್ಣು ಬೇಕು. ಕ್ರಿಪ್ಟೊಕೊರಿನ್‌ನ ಕೆಲವು ಜಾತಿಗಳು ಪಶ್ಚಿಮ ಘಟ್ಟದ ತೊರೆಗಳವೇ. ವ್ಯಾಲಿಸ್ನೇರಿಯಾ ಹೂ ಬಿಟ್ಟರೆ ನಿಂತು ನೋಡಿ. ಹೆಣ್ಣು ಹೂ ದಾರದಂಥ ತೊಟ್ಟಿನಲ್ಲಿ ನೀರ ಮೇಲಕ್ಕೆ ಬರುತ್ತದೆ. ಗಂಡು ಹೂಗಳು ಬುಡದಿಂದ ಕಳಚಿಕೊಂಡು ಮೇಲೆ ಬಂದು, ಪುಟ್ಟ ದೋಣಿಗಳ ಹಾಗೆ ತೇಲುತ್ತ ಅದನ್ನು ಹುಡುಕುತ್ತವೆ. ಕೂಡಿದ ಮೇಲೆ ತೊಟ್ಟು ಸುರುಳಿ ಸುತ್ತಿ ಕಾಯಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಅನುಬಿಯಾಸ್, ಜಾವಾ ಫರ್ನ್ ಮೂರನೆಯ ಬಗೆ. ಶುಂಠಿಯ ಹಾಗೆ ಅಡ್ಡ ಗೆಡ್ಡೆಯಿಂದ ಬೆಳೆಯುತ್ತವೆ. ಆದರೆ ಶುಂಠಿಯಂತೆ ಹೂಳಿದರೆ ಕೊಳೆಯುತ್ತವೆ. ಮಾವಿನ ಮರಕ್ಕೆ ಅಂಟಿ ಬೆಳೆಯುವ ಸೀತಾಳೆ ದಂಡೆ ಆರ್ಕಿಡಿನ ಹಾಗೆ ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಬೇಕು. ಅಳಿಯ ಇವನ್ನೂ ಹೂತಿದ್ದ.

ಕತ್ತರಿಸಿದ್ದನ್ನು ತೋಡಿಗೆ ಹಾಕಬೇಡಿ

2020ರ ನವೆಂಬರಿನಲ್ಲಿ ಕಲ್ಲಿಕೋಟೆ ಜಿಲ್ಲೆಯ ಪೇರಾಂಬ್ರ ಹತ್ತಿರ ಆವಳಪಾಂಡಿಯ ತೋಡು ಇಡಿಯಾಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಫೋಟೊ ತೆಗೆಯಲು ಜನ ಮುಗಿಬಿದ್ದರು. ಅದು ಕಬೊಂಬ, ಊರವರು ಮುಳ್ಳನ್ ಪಾಯಲ್ ಎನ್ನುವ ಗಿಡ. ಮೂಲ ಅಮೆರಿಕ ಖಂಡದ್ದು, ಅಕ್ವೇರಿಯಂಗಳಲ್ಲಿ ಇಡುವಂಥದ್ದು. ಹೂ ಚಂದವೇ. ಆದರೆ ಅದು ದಟ್ಟವಾಗಿ ಬೆಳೆದ ಕಡೆ ಕೆಳಗಿನ ನೀರಿಗೆ ಬೆಳಕಿಲ್ಲ, ಅಲ್ಲಿದ್ದ ಗಿಡಗಳಿಗೆ ಜಾಗವಿಲ್ಲ, ನೀರಿನ ಹರಿವೂ ಕಟ್ಟಿಕೊಳ್ಳುತ್ತದೆ. ಒಂದು ತುಂಡು ಕಾಂಡ ಸಾಕು, ಮತ್ತೆ ಗಿಡವಾಗುತ್ತದೆ. ಕೇರಳದ ಹಿನ್ನೀರು, ಗದ್ದೆಗಳನ್ನು ಮುಚ್ಚಿದ ಸಾಲ್ವೀನಿಯಾದ ಕಥೆಯೂ ಹೀಗೇ. ಅದನ್ನು ಆಫ್ರಿಕನ್ ಪಾಯಲ್ ಎಂದು ಕರೆದರೂ ಮೂಲ ದಕ್ಷಿಣ ಅಮೆರಿಕ.

ಟ್ಯಾಂಕಿನಿಂದ ಕತ್ತರಿಸಿದ ಗಿಡವನ್ನು ತೋಡಿಗೆ, ಕೆರೆಗೆ, ಮದಕಕ್ಕೆ ಎಸೆಯಬಾರದು. ಬಸವನಹುಳವನ್ನೂ ಅಷ್ಟೇ. ಸಿಮೆಂಟಿನ ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ಹರಡಿ, ಪುಡಿಯಾಗುವಷ್ಟು ಒಣಗಿದ ಮೇಲೆ ಗಿಡದ ಬುಡಕ್ಕೆ ಹಾಕಬಹುದು.

ಅಳಿಯ ಈಗ ದೀಪವನ್ನು ಆರು ಗಂಟೆಗೆ ಇಳಿಸಿದ್ದಾನೆ. ಅನುಬಿಯಾಸನ್ನು ಮುರಕಲ್ಲಿನ ತುಂಡಿಗೆ ಕಟ್ಟಿದ್ದಾನೆ. ಕ್ರಿಪ್ಟೊಕೊರಿನ್ ಎರಡು ಚಿಗುರು ಬಿಟ್ಟಿದೆಯಂತೆ, ಒಂದು ಕಂದು, ಒಂದು ಹಸಿರು. ಹೈಡ್ರಿಲ್ಲಾ ಮಾತ್ರ ಯಾವ ಲೆಕ್ಕಕ್ಕೂ ಸಿಗದೆ ವಾರಕ್ಕೊಂದು ಹಿಡಿ ಬೆಳೆಯುತ್ತಿದೆ. ಅಕ್ಕ ಅದನ್ನು ಹಪ್ಪಳದ ಜೊತೆ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಕರಿಬೇವಿನ ಬುಡಕ್ಕೆ ಸುರಿಯುತ್ತಾಳೆ.